ದೇವರ ಜಗಲಿಯಿಂದ ಕ್ಲೇ ಬಾರನ್ನು ಬಿಡುಗಡೆ ಮಾಡುವ ಕುರಿತು

ಇಂದ:
ಸಾಯಬಣ್ಣ, ವಯಸ್ಸು ನಲವತ್ತೇಳು,
ಉದ್ಯೋಗ: ಕಾರು ತಿಕ್ಕುವುದು (ಇಂದಿರಾನಗರದ ಅಂಗಡಿಯ ಬೋರ್ಡಿನ ಪ್ರಕಾರ ‘ಸೀನಿಯರ್ ಡಿಟೇಲರ್’),
ಮೂಲ ಸುರಪುರ ತಾಲ್ಲೂಕು, ಹಾಲಿ ವಾಸ ದೊಡ್ಡಮುನಿಯಮ್ಮನವರ ವಠಾರ, ಮೂರನೇ ಕೋಣೆ, ಬಾಗಿಲ ಪಕ್ಕ,
ಮರ್ಫಿ ಟೌನ್, ಬೆಂಗಳೂರು.

ಗೆ:
ಶ್ರೀಮತಿ ಅಮೃತಮ್ಮನವರು,
ಮುಖ್ಯಸ್ಥರು (ಅಡುಗೆ, ಜಗಲಿ, ಬೀಗದ ಕೈ ಹಾಗೂ ಇತರೆ ಖಾತೆಗಳು),
ಅದೇ ಕೋಣೆ, ಒಲೆಯ ಪಕ್ಕ.

ಮೂಲಕ: ತೊಳೆದಿಟ್ಟ ಊಟದ ಡಬ್ಬಿ.

ವಿಷಯ: ವಿಭೂತಿ ಎಂದು ತಿಳಿದು ಪೂಜಿಸಲಾಗುತ್ತಿರುವ ಕಾರು ತಿಕ್ಕುವ ಮಣ್ಣಿನ ಉಂಡೆಯನ್ನು ಅರ್ಜಿದಾರನ ವಶಕ್ಕೆ ಕೊಡುವ ಬಗ್ಗೆ.

ಉಲ್ಲೇಖ:
೧. ಮಂಗಳವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ತಾವು ಹೊರಡಿಸಿದ ಮೌಖಿಕ ಆದೇಶ.
೨. ಅಂಗಡಿಯ ಮ್ಯಾನೇಜರ್ ಮೋನಿಷಾ ಮೇಡಂ ಅವರ ವಾಟ್ಸಾಪ್ ಸಂದೇಶ, ಮೂರು ಪ್ರಶ್ನಾರ್ಥಕ ಚಿಹ್ನೆಗಳ ಸಹಿತ.
೩. ಮನೆ ಮಾಲೀಕರಾದ ದೊಡ್ಡಮುನಿಯಮ್ಮನವರ ಹಣೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಹೆಂಡತಿಗೆ ಅರ್ಜಿ ಬರೆಯುವುದು ಆತನ ವಂಶದಲ್ಲಿ ಇದೇ ಮೊದಲು. ಆದರೆ ತಾವು ಶಿವಾಜಿನಗರದ ಸರ್ಕಾರಿ ಕಚೇರಿಯೊಂದರಲ್ಲಿ ಆರು ವರ್ಷದಿಂದ ಕಡತ ಹೊತ್ತು, ಕಸ ಗುಡಿಸಿ, ಆಡಳಿತ ಬಲ್ಲವರು. ಮಂಗಳವಾರ ಅರ್ಜಿದಾರನು ವಿಷಯ ಹೇಳಲೆಂದು ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದಾಗ ತಾವು, “ಏನ್ರಿ ಅದು, ಮೀನಿನಂಗ ಬಾಯಿ ತಗಿಯೋದು, ಮುಚ್ಚೋದು? ಹೇಳಾಕ ಬರಂಗಿಲ್ಲಂದ್ರ ಬರದ್ ಕೊಡ್ರಿ. ನಮ್ಮ ಆಫೀಸಿನ್ಯಾಗ ಫ್ಯಾನ್ ತಿರಗಬೇಕಂದ್ರೂ ಅರ್ಜಿ ಬೇಕು” ಎಂದು ಆದೇಶಿಸಿದ ಕಾರಣ, ಈ ಅರ್ಜಿ.

೧. ಅರ್ಜಿದಾರನು ಕೇಳಿ ಬೆಳೆದವನು. ಊರ ಗುಡಿಯಲ್ಲಿ ಪುರಾಣ ಓದುವವರು ಓದಿದರು, ಭಜನೆಯವರು ಪದ ಹಾಡಿದರು, ಆತ ಕಂಬಕ್ಕೊರಗಿ ಕೇಳಿದ. ಆದ್ದರಿಂದ ಕಿವಿ ಚುರುಕು, ಬಾಯಿ ಮಂದ. ಈ ಕಿವಿಯೇ ಆತನಿಗೆ ಅನ್ನ ಕೊಡುತ್ತಿದೆ. ತೊಳೆದ ಕಾರಿನ ಬಾನೆಟ್ ಮೇಲೆ, ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಮೆಲ್ಲಗೆ ಸವರಬೇಕು. ಗರಗರ ಎಂದರೆ ಬಣ್ಣದೊಳಗೆ ಕೊಳೆ ಕೂತಿದೆ ಎಂದರ್ಥ, ಎಷ್ಟು ಸೋಪು ಹಾಕಿದರೂ ಅದು ಏಳುವುದಿಲ್ಲ. ಅದನ್ನು ಎಬ್ಬಿಸುವುದು ಕ್ಲೇ ಬಾರ್ ಒಂದೇ. ಸೋಪಿನ ತುಂಡಿನಷ್ಟು ಗಾತ್ರದ ಮೆತ್ತನೆಯ ಮಣ್ಣು. ಮೇಲ್ಮೈ ಒದ್ದೆ ಮಾಡಿ ಹಗುರವಾಗಿ ಆಡಿಸಿದರೆ ಕೊಳೆಯನ್ನೆಲ್ಲ ತನ್ನ ಮೈಗೆ ಹಚ್ಚಿಕೊಂಡು ಬರುತ್ತದೆ. ಗಿರಾಕಿಗಳು ಹೊಳಪಿನ ಸೆರಾಮಿಕ್ ಲೇಪ ಕೇಳುತ್ತಾರೆ, ವ್ಯಾಕ್ಸ್ ಕೇಳುತ್ತಾರೆ, ಮಾವಿನ ಹಣ್ಣಿನ ವಾಸನೆಯ ಸ್ಪ್ರೇ ಕೂಡ ಕೇಳುತ್ತಾರೆ. ಏಳು ವರ್ಷದಲ್ಲಿ ಒಬ್ಬರೂ ಕ್ಲೇ ಕೇಳಿಲ್ಲ.

೨. ಸದರಿ ಕ್ಲೇ ಒಮ್ಮೆ ನೆಲಕ್ಕೆ ಬಿದ್ದರೆ ಬಿಸಾಡಲೇಬೇಕು. ಒಂದು ಮರಳಿನ ಕಣ ಅಂಟಿದರೂ ಬಣ್ಣ ಗೀಚಿಬಿಡುತ್ತದೆ. ಕಾರಣ ಅರ್ಜಿದಾರನು ಅದನ್ನು ಅಂಗಡಿಯಲ್ಲಿ ಬಿಡದೆ ಪೆಪ್ಪರಮೆಂಟಿನ ತಗಡಿನ ಡಬ್ಬಿಯಲ್ಲಿಟ್ಟು ಮನೆಗೆ ತರುವ ರೂಢಿ. ತಮ್ಮ ವಿಭೂತಿ ಗಟ್ಟಿಯೂ ಅಂಥದೇ ಡಬ್ಬಿಯಲ್ಲಿದೆ. ಎರಡೂ ಬಿಳಿ, ಎರಡೂ ಚೌಕ. ಹೋದ ಸೋಮವಾರ ಬೆಳಗಿನ ಜಾವ ಕರೆಂಟ್ ಇರಲಿಲ್ಲ. ಒಂದು ಡಬ್ಬಿ ಜಗಲಿಗೆ ಹೋಯಿತು, ಇನ್ನೊಂದು ಇಂದಿರಾನಗರಕ್ಕೆ. ಕ್ಲೇ ಕೆಲಸ ದಿನಾ ಬರುವಂಥದಲ್ಲವಾದ್ದರಿಂದ ಎಂಟು ದಿನ ಯಾರಿಗೂ ತಿಳಿಯಲಿಲ್ಲ. ಬೆಳಿಗ್ಗೆ ಅರ್ಜಿದಾರನ ಹಣೆಗೆ ಹಚ್ಚುವವರು ತಾವು, ಮತ್ತು ಜಗಲಿಯ ಮುಂದೆ ಆತ ಕಣ್ಣು ತೆರೆಯುವವನಲ್ಲ.

೩. ಈ ಸೋಮವಾರ ಅಂಗಡಿಗೆ ಶಂಶುನ್ನೀಸಾ ಎಂಬ ನಿವೃತ್ತ ಟೀಚರು ಹಳೆಯ ಬಿಳಿ ಕಾರು ತಂದರು. ಕೆ.ಆರ್. ಪುರದಲ್ಲಿ ರೈಲು ಹಳಿಯ ಪಕ್ಕವೇ ಅವರ ಮನೆ. ಯಜಮಾನರು ತೀರಿಕೊಂಡ ಮೇಲೆ ನಾಲ್ಕು ವರ್ಷ ಕಾರು ಅಲ್ಲೇ ನಿಂತು, ಹಳಿಯ ಕಬ್ಬಿಣದ ಧೂಳು ಬಣ್ಣಕ್ಕೆ ಕಚ್ಚಿ, ಮೈತುಂಬ ಕೆಂಪು ಚುಕ್ಕಿ. “ಅವ್ರು ಇದ್ದಾಗ ಇದು ಹಾಲಿದ್ದಂಗಿತ್ತು ಭಾಯಿ. ಭಾನುವಾರ ನಮ್ಮ ಮಗಳು ನೌರೀನ್‌ದು ನಿಕಾಹ್. ಅಬ್ಬಾನ ಗಾಡೀಲೇ ಹೋಗ್ತೀನಿ ಅಂತ ಹಠ ಹಿಡಿದವ್ಳೆ. ಆಗುತ್ತಾ?” ಎಂದು ಕೇಳಿದರು. ಅರ್ಜಿದಾರನು “ಆಗ್ತದ್ರಿ” ಎಂದನು. ಆತ ವರ್ಷಕ್ಕೆ ಇಂಥ ಮಾತು ಎರಡೋ ಮೂರೋ ಆಡುವುದು, ಆದ್ದರಿಂದ ಒಂದನ್ನೂ ಈವರೆಗೆ ಮುರಿದಿಲ್ಲ.

ತದನಂತರ ಬಾನೆಟ್ ಒದ್ದೆ ಮಾಡಿ, ಡಬ್ಬಿಯಿಂದ ಗಟ್ಟಿ ತೆಗೆದು, ಎಂಟು ದಿನ ಮುಟ್ಟದ್ದಕ್ಕೆ ಬಿರುಸಾಗಿದೆ ಎಂದುಕೊಂಡು, ಎಂದಿನಂತೆ ಕಣ್ಣು ಮುಚ್ಚಿ, ಪದವೊಂದನ್ನು ಗುನುಗುತ್ತ ಎಡದಿಂದ ಬಲಕ್ಕೆ ಮೂರು ಸಲ ಎಳೆದನು. ಕಣ್ಣು ತೆರೆದಾಗ ಕಾರು ಮೂರು ಪಟ್ಟೆ ವಿಭೂತಿ ಧರಿಸಿ ನಿಂತಿತ್ತು.

“ಅಣ್ಣಾ! ಏನಿದು, ಗಾಡಿಗೆ ದೀಕ್ಷೆ ಕೊಡ್ತಿದೀರಾ?” ಎಂದರು ಮೋನಿಷಾ ಮೇಡಂ.

“ಇರ್ಲಿ ಬಿಡಮ್ಮಾ, ದುವಾ ಯಾರ್ದಾದ್ರೇನು. ಆದ್ರೆ ಚುಕ್ಕಿ ಹೋಗ್ಲಿಲ್ವಲ್ಲ ಭಾಯಿ?” ಎಂದರು ಟೀಚರು, ಟೀ ಲೋಟ ಹಿಡಿದುಕೊಂಡು.

ಪಟ್ಟೆಯನ್ನು ತಕ್ಷಣ ತೊಳೆಯಲಾಯಿತು. ದೇವರ ದಯೆ, ಗೀರು ಬಿದ್ದಿಲ್ಲ. ಆದರೆ ಅಂಗಡಿಯಲ್ಲಿ ಬೇರೆ ಕ್ಲೇ ಇಲ್ಲ. “ಸ್ಟಾಕ್ ಬರೋದು ನೆಕ್ಸ್ಟ್ ವೀಕ್. ಶನಿವಾರ ಸಂಜೆ ಗಾಡಿ ಡೆಲಿವರಿ. ಆಗಿಲ್ಲ ಅಂದ್ರೆ ಆಂಟಿಗೆ ನೀವೇ ಹೇಳ್ಬೇಕು ಅಣ್ಣ, ನನ್ ಕೈಲಾಗಲ್ಲ” ಎಂದಿದ್ದಾರೆ ಮೇಡಂ. ಅರ್ಜಿದಾರನ ಕೈಲೂ ಆಗುವುದಿಲ್ಲ.

೪. ಅಂದು ಸಂಜೆ ಅರ್ಜಿದಾರನು ಓಡೋಡಿ ಮನೆಗೆ ಬಂದಾಗ ಕಂಡದ್ದು: ಬಚ್ಚಲಮನೆಯಿಂದ ನಮ್ಮ ಬಾಗಿಲಿನವರೆಗೆ ಹೆಂಗಸರ ಸಾಲು. ಹಚ್ಚಿದರೆ ಗುರುತು ಮೂಡದ, ಆದರೆ ಹಣೆ ಮಾತ್ರ ನುಣುಪಾಗಿ ಹೊಳೆಯುವ ಈ ಗಟ್ಟಿಗೆ ತಾವು ‘ನಿರಾಕಾರ ವಿಭೂತಿ’ ಎಂದು ಹೆಸರಿಟ್ಟಿದ್ದಿರಿ. ದೊಡ್ಡಮುನಿಯಮ್ಮನವರು ಕನ್ನಡಿ ಹಿಡಿದು, “ಅಮೃತಾ, ಇನ್ನೊಂದ್ಸಲ ಒಸಿ ತಿಕ್ಕಮ್ಮ. ಎಪ್ಪತ್ತು ವರ್ಷದ ಹಣೆ ಸ್ಟೀಲ್ ತಟ್ಟೆ ಆದಂಗಾಯ್ತು!” ಎನ್ನುತ್ತಿದ್ದರು. ಅರ್ಜಿದಾರನು ಸಾಲಿನ ಕೊನೆಗೆ ನಿಂತನು. ಸರದಿ ಬಂದಾಗ ತನ್ನ ಅಂಗಡಿಯ ಮಾಲಿನಿಂದಲೇ ಉಜ್ಜಿಸಿಕೊಂಡು, ಕೈಮುಗಿದು, ಒಳಗೆ ಹೋಗಿ ಉಂಡನು. ಆಗ ತಾವು, “ನೋಡ್ರಿ, ಎಲ್ಲಾರ ಪಾಪ ಹೀರಕೊಂಡು ಹ್ಯಾಂಗ ಕರ್ರಗಾಗ್ಯಾದ” ಎಂದಿರಿ. ತಾಂತ್ರಿಕವಾಗಿ ತಮ್ಮ ಮಾತು ಸರಿ. ಹಾಗಾದಾಗ ಅದನ್ನು ನಾದಿ, ಮಡಚಿ, ಹೊಸ ಮುಖ ಹೊರಗೆ ಬರುವಂತೆ ಮಾಡಿಕೊಳ್ಳಬೇಕೆಂದು ಈ ಮೂಲಕ ತಮ್ಮ ಗಮನಕ್ಕೆ ತರಲಾಗಿದೆ.

೫. ಬಾಯಿ ಬಿಟ್ಟದ್ದು ಬಿಟ್ಟಾಯಿತು. ಬಾಕಿ ಇರುವ ಇತರೆ ಕಡತಗಳನ್ನೂ ಇಲ್ಲಿಯೇ ಮುಕ್ತಾಯಗೊಳಿಸುವುದು ಸೂಕ್ತ.

(ಅ) ಯುಗಾದಿಯಿಂದ ಕಾಣೆಯಾಗಿರುವ ತಮ್ಮ ತವರಿನ ಹತ್ತಿ ಸೀರೆಯ ಅರ್ಧಭಾಗ ಗಾಳಿಗೆ ಹಾರಿಹೋಗಿಲ್ಲ. ಇಪ್ಪತ್ತು ವರ್ಷ ತಾವು ಉಟ್ಟು ಒಗೆದು ಬಂದ ಆ ಮೆದುತನ ಯಾವ ವಿದೇಶಿ ಬಟ್ಟೆಗೂ ಇಲ್ಲ. ಕಾರಿನ ಗಾಜು ಒರೆಸಿದರೆ ಗಾಜು ಇದೆಯೋ ಇಲ್ಲವೋ ಎಂದು ಗಿರಾಕಿಗಳು ಮುಟ್ಟಿ ನೋಡುತ್ತಾರೆ. ಅಂಚು, ಸೆರಗು ಹಾಳು ಮಾಡಿಲ್ಲ.

(ಆ) ತಮ್ಮ ಎಡಗಾಲಿನ ಹವಾಯಿ ಚಪ್ಪಲಿಯನ್ನು ಬೀದಿಯ ಕಂದು ನಾಯಿ ಒಯ್ದಿಲ್ಲ. ಸೀಟಿಗೆ ಅಂಟಿದ ನಾಯಿಗೂದಲನ್ನು ವ್ಯಾಕ್ಯೂಮ್ ಬಿಟ್ಟರೂ ರಬ್ಬರ್ ಚಪ್ಪಲಿ ಬಿಡುವುದಿಲ್ಲ, ಒಂದೇ ದಿಕ್ಕಿಗೆ ಎಳೆದರೆ ಉಂಡೆ ಕಟ್ಟಿ ಬರುತ್ತದೆ. ಅಂದಿನಿಂದ ಆ ನಾಯಿಗೆ ತಾವು ರೊಟ್ಟಿ ನಿಲ್ಲಿಸಿದ್ದೀರಿ. ನಾಯಿ ನಿರಪರಾಧಿ.

(ಇ) ಅರ್ಜಿದಾರನ ಗಡ್ಡ ಹರಕೆಯದಲ್ಲ. ಶೇವಿಂಗ್ ಬ್ರಶ್ ಏಸಿ ಕಿಂಡಿಗಳ ಧೂಳು ತೆಗೆಯುತ್ತಿದೆ. ಆ ಸಂದಿಗೆ ಹೋಗುವಂಥದು ಬೇರೊಂದಿಲ್ಲ.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದಲೂ, ಜಗಲಿಯ ಮೇಲಿರುವ ಉಂಡೆಯನ್ನು ಶನಿವಾರ ಬೆಳಗಿನೊಳಗೆ ಬಿಡುಗಡೆ ಮಾಡಿ, ಅದರ ಜಾಗಕ್ಕೆ ಲಗತ್ತಿಸಿರುವ ಅಸಲಿ ವಿಭೂತಿಯನ್ನು ಸ್ವೀಕರಿಸಬೇಕಾಗಿ ಪ್ರಾರ್ಥನೆ. ಪೂಜೆಗೊಂಡದ್ದನ್ನು ಕಾರಿಗೆ ತಿಕ್ಕಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ತಂದೆಯಿಲ್ಲದ ಹುಡುಗಿ ತಂದೆಯ ಗಾಡಿಯಲ್ಲಿ ಮದುವೆಗೆ ಹೋಗುತ್ತಾಳೆ, ಆ ಗಾಡಿ ಬೆಳ್ಳಗಾಗಲಿ ಎಂದರೆ ದೇವರು ಬೇಡವೆನ್ನಲಾರ ಎಂದು ಅರ್ಜಿದಾರನ ಅಲ್ಪಮತಿಗೆ ತೋರುತ್ತದೆ. ವಠಾರದವರಿಗೆ ಏನು ಹೇಳುವುದೆಂಬ ಚಿಂತೆ ಬೇಡ. ಆತ ಯಾರಿಗೂ ಏನೂ ಹೇಳುವುದಿಲ್ಲ, ಈ ವಿಷಯದಲ್ಲಿ ಆತನ ಸೇವಾ ದಾಖಲೆ ಉತ್ತಮವಾಗಿದೆ.

ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇಪ್ಪತ್ತೆರಡು ವರ್ಷಗಳಿಂದ
ತಮ್ಮ ವಿಶ್ವಾಸಿ,
ಸಾಯಬಣ್ಣ

ಸ್ಥಳ: ಮರ್ಫಿ ಟೌನ್
ದಿನ: ಗುರುವಾರ

ಲಗತ್ತು:
೧. ವಿಭೂತಿ ಗಟ್ಟಿ, ಒಂದು (ಒಂದು ಮೂಲೆ ಕಾರಿನಿಂದಾಗಿ ಸವೆದಿದೆ).
೨. ಹವಾಯಿ ಚಪ್ಪಲಿ, ಎಡಗಾಲಿನದು, ನೋಡಿ ವಾಪಸ್ ಕೊಡುವ ಷರತ್ತಿನ ಮೇಲೆ.
೩. ಸೀರೆಯ ಒಂದು ಚೂರು, ಗುರುತಿಗಾಗಿ. ಸಿಟ್ಟು ಇಳಿದ ಮೇಲೆ ನೋಡುವುದು.

(ಅರ್ಜಿಯ ಹಿಂಬದಿ, ಪೆನ್ಸಿಲಿನಲ್ಲಿ)

ಆದೇಶ

ಅರ್ಜಿ ಓದೀನಿ. ಸೀರಿ ನಮ್ಮವ್ವ ಕೊಟ್ಟಿದ್ದು, ಅದರ ಮಾತು ಆಮ್ಯಾಲ ಅದ. ಉಂಡಿ ಚಾಕುಲೆ ಎರಡು ಭಾಗ ಮಾಡೀನಿ. ಒಂದು ಡಬ್ಬ್ಯಾಗ ರೊಟ್ಟಿ ಕೆಳಗ ಅದ. ಒಯ್ದು ಆ ಟೀಚರವರ ಗಾಡಿ ಹಾಲಿನಂಗ ಮಾಡ್ರಿ. ಇನ್ನೊಂದು ಜಗಲಿ ಮ್ಯಾಗ ಇರ್ತದ. ಅದು ವಿಭೂತಿ ಅಲ್ಲಂತ ನನಗ ಎರಡನೇ ದಿನಾನ ಗೊತ್ತಾಗಿತ್ತು. ಆದ್ರ ದಿನಾ ಒಂದ ಸಲ ನಳದ ನೀರು ಬಿಡ್ತಿದ್ದ ದೊಡ್ಡಮುನಿಯಮ್ಮ, ಹಣಿ ತಿಕ್ಕಸಿಕೊಂಡಾಗಿಂದ ಎರಡು ಸಲ ಬಿಡಾಕತ್ಯಾರ. ಅವರಿಗಿ ಹೇಳಬ್ಯಾಡ್ರಿ.

ನಾಯಿಗಿ ರೊಟ್ಟಿ ಹಾಕೀನಿ.

ಬ್ರಶ್ ತಂದು ಗಡ್ಡ ತಗೀರಿ.

ಸಹಿ/-
ಅಮೃತಮ್ಮ