ನೀಲಿ ನೀರಿನ ಪಾಠ

ಬೆಳಿಗ್ಗೆ ರಸಾಯನಶಾಸ್ತ್ರದ ಮೇಷ್ಟ್ರಿಗೆ ಹಲ್ಲುನೋವು ಬಂದು ಕೆನ್ನೆ ಊದಿಕೊಂಡಿತು. ಅದರ ಪೆಟ್ಟು ಬಿದ್ದದ್ದು ಚಿತ್ರಕಲೆಯ ಮೇಷ್ಟ್ರಿಗೆ.

"ಇವತ್ತೇ ಇನ್‌ಸ್ಪೆಕ್ಟರು ಬರ್ತಿದಾರೆ. ಹತ್ತನೇ ಕ್ಲಾಸಿಗೆ ಉತ್ಕರ್ಷಣ, ಅಪಕರ್ಷಣ ಪಾಠ. ನೀವು ತಗೊಳ್ಳಿ," ಎಂದರು ಹೆಡ್‌ಮಿಸ್ಟ್ರೆಸ್.

"ಮೇಡಂ, ನಂಗೆ ಬಣ್ಣ ಬಿಟ್ರೆ ಬೇರೇನೂ ಗೊತ್ತಿಲ್ಲ."

"ಅಲ್ಲೂ ಬಣ್ಣಾನೇ ಬದಲಾಗೋದು. ಹೋಗಿ."

ಮೇಷ್ಟ್ರು ಮೊದಲೇ ಅರ್ಧ ಕನಸಿನಲ್ಲಿ ಓಡಾಡುವ ಮನುಷ್ಯ. ಪ್ರಯೋಗಶಾಲೆಯಲ್ಲಿ ತಾಮ್ರದ ಸಲ್ಫೇಟಿನ ದ್ರಾವಣ ನೋಡಿದವರೇ ನಿಂತುಬಿಟ್ಟರು. ಅಂಥ ನೀಲಿ ಅವರ ಬಣ್ಣದ ಪೆಟ್ಟಿಗೆಯಲ್ಲೇ ಇರಲಿಲ್ಲ. ಸಂಜೆಯ ಆಕಾಶವನ್ನು ಯಾರೋ ಮಡಚಿ ಗಾಜಿನ ಲೋಟದೊಳಗೆ ಇಟ್ಟಂತಿತ್ತು.

ಲೋಟ ಹಿಡಿದೇ ಸ್ಟಾಫ್ ರೂಮಿಗೆ ಬಂದವರಿಗೆ ಸಲಹೆಗಳ ಸುರಿಮಳೆ.

"ಸುಲಭ ರೀ. ಇಲೆಕ್ಟ್ರಾನು ಕೊಟ್ಟಿದ್ದಕ್ಕೆ ಉತ್ಕರ್ಷಣ, ತಗೊಂಡಿದ್ದಕ್ಕೆ ಅಪಕರ್ಷಣ," ಎಂದರು ಗಣಿತದ ಮೇಷ್ಟ್ರು.

"ತಗೊಂಡ್ರೆ ಹೆಚ್ಚಾಗ್ಬೇಕಲ್ವಾ? ಅಪಕರ್ಷಣ ಯಾಕೆ?"

"ಇಲೆಕ್ಟ್ರಾನು ಅಂದ್ರೆ ಋಣ. ಋಣ ತಲೆ ಮೇಲೆ ಹೊತ್ಕೊಂಡವನು ಮೇಲೇಳ್ತಾನಾ? ಕೆಳಗೇ ಇಳೀತಾನೆ!"

"ಅಷ್ಟೆಲ್ಲ ಯಾಕೆ? ಇದು ಇಲೆಕ್ಟ್ರಾನು, ಹಿಡೀರಿ!" ಎಂದು ಆಟದ ಮೇಷ್ಟ್ರು ಚೆಂಡನ್ನೇ ಎಸೆದರು. ಚೆಂಡು ಹಿಡಿಯಲು ಹೋದ ಕೈ ಲೋಟಕ್ಕೆ ತಗುಲಿ, ಅರ್ಧ ನೀಲಿ ಮೇಷ್ಟ್ರ ಬಿಳಿ ಅಂಗಿಗೆ ಸೇರಿತು.

ಉಳಿದರ್ಧವನ್ನು ಎರಡೂ ಕೈಯಲ್ಲಿ ಹಿಡಿದು, ಜೇಬಿನಲ್ಲಿ ಕಬ್ಬಿಣದ ಮೊಳೆ ಇಟ್ಟುಕೊಂಡು, ಮೇಷ್ಟ್ರು ಮೊಸರಿನ ಗಡಿಗೆ ಹೊತ್ತವರಂತೆ ವರಾಂಡದಲ್ಲಿ ನಡೆದರು. ಕಣ್ಣು ನೀಲಿಯ ಮೇಲೆ, ಬಾಯಲ್ಲಿ "ಕೊಟ್ಟರೆ ಉತ್ಕರ್ಷಣ, ತಗೊಂಡರೆ ಅಪಕರ್ಷಣ". ಕಾಲು ಒಯ್ದ ಕಡೆ ಹೋದರು.

ಕ್ಲಾಸು ಎದ್ದು ನಿಂತು ಕೂತಿತು. ಹಿಂದಿನ ಬೆಂಚಿನಲ್ಲಿ ಕನ್ನಡಕದ ಹಿರಿಯರೊಬ್ಬರು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಗಂಭೀರವಾಗಿ ಕುಳಿತಿದ್ದರು. ಇನ್‌ಸ್ಪೆಕ್ಟರು! ಮೇಷ್ಟ್ರು ಅಂಜುತ್ತಲೇ ಮೊಳೆಯನ್ನು ನೀಲಿಯೊಳಗೆ ಬಿಟ್ಟರು.

"ಸಾರ್, ಇದನ್ನ ಬರೆದು ಬಣ್ಣ ಹಚ್ಬೇಕಾ?" ಎಂದಳು ಒಬ್ಬ ಹುಡುಗಿ.

"ಮೊದ್ಲು ನೋಡಮ್ಮ," ಎಂದರು ಮೇಷ್ಟ್ರು. ತಾವೂ ನೋಡತೊಡಗಿದರು.

ಮೊಳೆಯ ಮೈಗೆ ಮೆಲ್ಲಗೆ ಕೆಂಪು ಹತ್ತುತ್ತಿತ್ತು. ನೀಲಿ ತಿಳಿಯಾಗಿ ಹಸಿರಿನತ್ತ ತಿರುಗುತ್ತಿತ್ತು. ನೋಡುತ್ತ ನೋಡುತ್ತ ಮೇಷ್ಟ್ರಿಗೆ ಭಯ ಮರೆತು ಮಾತು ತಾನಾಗಿ ಬಂತು.

"ಬಸ್ಸಲ್ಲಿ ಸೀಟು ಬಿಟ್ಟುಕೊಡ್ತಾರಲ್ಲ, ಹಾಗೆ. ಕಬ್ಬಿಣ ತನ್ನ ಎರಡು ಇಲೆಕ್ಟ್ರಾನು ತಾಮ್ರಕ್ಕೆ ಕೊಟ್ಟು ತಾನು ನೀರಿಗಿಳೀತು. ಅದು ಉತ್ಕರ್ಷಣ. ಅಲೆದಾಡ್ತಿದ್ದ ತಾಮ್ರ ಅವನ್ನ ತಗೊಂಡು ಮೊಳೆ ಮೇಲೆ ಬಂದು ಕೂತ್ಕೊಂಡ್ತು. ಅದು ಅಪಕರ್ಷಣ. ತಗೊಳ್ಳೋರಿಲ್ದೆ ಕೊಡೋಕಾಗಲ್ಲ, ಕೊಡೋರಿಲ್ದೆ ತಗೊಳ್ಳೋಕಾಗಲ್ಲ. ಎರಡೂ ಒಟ್ಟಿಗೇ ನಡೀಬೇಕು."

ಮಕ್ಕಳು ರೆಪ್ಪೆ ಬಡಿಯದೆ ಕೇಳಿದರು. ಹಿರಿಯರು ಮುಂದಕ್ಕೂ ಹಿಂದಕ್ಕೂ ತೂಗುತ್ತ ತಲೆಯಾಡಿಸಿದರು. ಮೇಷ್ಟ್ರಿಗೆ ನೆಲದಿಂದ ಒಂದು ಗೇಣು ಮೇಲೆ ನಿಂತಂತಾಯಿತು.

ಗಂಟೆ ಹೊಡೆಯಿತು. ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್, ಮುಖ ಸುಣ್ಣದಂತೆ ಬೆಳ್ಳಗೆ.

"ಮೇಷ್ಟ್ರೇ, ಇದು ಎಂಟನೇ ಕ್ಲಾಸು! ಹತ್ತನೇ ಕ್ಲಾಸು ಪಕ್ಕದ್ದು. ಇನ್‌ಸ್ಪೆಕ್ಟರು ಇಷ್ಟು ಹೊತ್ತೂ ಅಲ್ಲೇ ಕಾಯ್ತಾ ಕೂತಿದ್ರು!"

"ಮತ್ತೆ ಇವರು?"

"ನಾನು ಬಡಗಿ ಸಾರ್," ಎಂದರು ಹಿರಿಯರು. "ಬೆಂಚು ಅಲ್ಲಾಡುತ್ತಾ ಅಂತ ಕೂತು ನೋಡ್ತಿದ್ದೆ. ತುಂಬಾ ಅಲ್ಲಾಡುತ್ತೆ."

ಅಷ್ಟರಲ್ಲಿ ನಿಜವಾದ ಇನ್‌ಸ್ಪೆಕ್ಟರು ಒಳಗೆ ಬಂದು ಮೇಷ್ಟ್ರ ಕೈ ಕುಲುಕಿದರು. "ಗೋಡೆಯಾಚೆಯಿಂದ ಎಲ್ಲಾ ಕೇಳಿಸ್ಕೊಂಡೆ. ರಸಾಯನಶಾಸ್ತ್ರ ಹೀಗೆ ಹೇಳ್ಕೊಡ್ಬೇಕು! ಕ್ಲಾಸು ಅದಲುಬದಲಾಯ್ತು, ಪರವಾಗಿಲ್ಲ. ಆದ್ರೆ ಮೇಡಂ, ಇಲ್ಲಿ ಈಗ ಚಿತ್ರಕಲೆ ಇರ್ಬೇಕಿತ್ತಲ್ಲ? ಆ ಮೇಷ್ಟ್ರು ಹತ್ತನೇ ಕ್ಲಾಸಿಗಾದ್ರೂ ಬರ್ಬೇಕಿತ್ತು. ಎಲ್ಲಿ ಆ ಆಸಾಮಿ?"

ಹೆಡ್‌ಮಿಸ್ಟ್ರೆಸ್ ಮೇಷ್ಟ್ರನ್ನು ನೋಡಿದರು. ನೀಲಿ ಅಂಗಿಯನ್ನು ನೋಡಿದರು.

"ಅವರು... ಇವತ್ತು ಬಂದಿಲ್ಲ ಸಾರ್."

"ಹೇಳದೆ ಕೇಳದೆ? ಅಂಥವರನ್ನ ಸುಮ್ನೆ ಬಿಡ್ಬಾರ್ದು. ಏನಂತೀರಿ?" ಎಂದು ಇನ್‌ಸ್ಪೆಕ್ಟರು ಮೇಷ್ಟ್ರ ಭುಜ ತಟ್ಟಿದರು.

"ಖಂಡಿತ ಬಿಡ್ಬಾರ್ದು ಸಾರ್," ಎಂದರು ಮೇಷ್ಟ್ರು.