ನೀಲಿ ದಾರ, ಬಿಳಿ ಪೆಟ್ಟಿಗೆ

ನಂಬೋದಿಲ್ಲ ಅಂತೀರಾ? ಹಾಗಾದರೆ ಈಗಲೇ ಒಂದು ಆಟೋ ಹಿಡಿದು ವಿನೋಬನಗರಕ್ಕೆ ಹೋಗಿ. ಹಿಟ್ಟಿನ ಗಿರಣಿ ಪಕ್ಕದ ಹಸಿರು ಬಣ್ಣದ ಮನೆಯ ಮಹಡಿ ಹತ್ತಿ ನೋಡಿ. ನಾನು ಹೊಡೆದ ಕೊಕ್ಕೆ ಇನ್ನೂ ಅಲ್ಲೇ ಐತೆ. ಕೊಕ್ಕೆ ಇಲ್ಲದಿದ್ದರೆ ನಾನು ಹೇಳುವುದೆಲ್ಲ ಸುಳ್ಳು. ಇದ್ದರೆ ಸುಮ್ಮನೆ ಕೆಳಗಿಳಿದು ಬಂದು ಪೂರ್ತಿ ಕೇಳಿ.

ಬೇರೆಯವರು ಕೆಲಸಕ್ಕೆ ಸೇರಿದರೆ ಸಂಬಳ ಬರುತ್ತದೆ, ಹೊಟ್ಟೆ ಬರುತ್ತದೆ, ಅಷ್ಟೇ. ನಾನು ಕಾಲಿಟ್ಟ ಕಡೆ ಏನಾದರೊಂದು ಆಗದೆ ಇರುವುದಿಲ್ಲ. ಅದು ನನ್ನ ತಪ್ಪಲ್ಲ, ನನ್ನ ತಾಕತ್ತು.

ವೈರ್ ಇಲ್ಲದೆ ಮನೆಮನೆಗೆ ಇಂಟರ್‌ನೆಟ್ ಕೊಡುವ ಯಂತ್ರ ತಯಾರಿಸುವ ಒಂದು ಬೆಂಗಳೂರು ಕಂಪನಿ. ಅವರ ಸಂಶೋಧನೆಯಲ್ಲಿ ಎರಡು ತಂಡ, ಎರಡು ಬಗೆಯ ಬಿಳಿ ಪೆಟ್ಟಿಗೆ. ಒಂದು ಬಗೆಯದು ಬಾಣದ ಹಾಗೆ ನೇರ. ಟವರಿಗೂ ಪೆಟ್ಟಿಗೆಗೂ ನಡುವೆ ಏನೂ ಅಡ್ಡ ಇರಬಾರದು, ಅಡ್ಡ ಇಲ್ಲದಿದ್ದರೆ ಭಯಂಕರ ವೇಗ. ಇನ್ನೊಂದು ನಿಧಾನ, ಆದರೆ ಗೋಡೆ ತೂರಿಕೊಂಡು ಬರುತ್ತದೆ ಅಂತ ಅದನ್ನು ಮಾಡಿದವರ ಹೆಮ್ಮೆ. ಯಾವುದನ್ನು ಮಾರುಕಟ್ಟೆಗೆ ಬಿಡಬೇಕು ಅಂತ ತೀರ್ಮಾನಿಸಲು ಎರಡನ್ನೂ ದಾವಣಗೆರೆ, ಹರಿಹರದ ಮಹಡಿಗಳ ಮೇಲೆ ಕೂರಿಸಿದರು. ಬೆಂಗಳೂರಿನ ಲ್ಯಾಬಿನಲ್ಲಿ ಧೂಳು ಸಿಗುವುದಿಲ್ಲವಂತೆ. ನಮ್ಮಲ್ಲಿ ಬೇಕಾದಷ್ಟಿದೆ, ತಗೊಳ್ಳಲಿ.

ನೇರ ಪೆಟ್ಟಿಗೆಯ ತಂಡದ ಮುಖ್ಯಸ್ಥರಿಗೆ ನಾನು ಇಟ್ಟ ಹೆಸರು ನೇರ ಸಾಹೇಬ್ರು. ಇನ್ನೊಬ್ಬರು ಗೋಡೆ ಸಾಹೇಬ್ರು. ಇಬ್ಬರ ಮೇಲೆ ಒಬ್ಬ ಮೇಡಂ. ಮಹಡಿ ಹತ್ತಿ ಎರಡೂ ಬಗೆಯ ಪೆಟ್ಟಿಗೆ ಕೂರಿಸುವವನು ಮಾತ್ರ ಒಬ್ಬನೇ, ನಾನು. ಐಟಿಐ ಪಾಸು. ಊರಲ್ಲಿ ತೆಂಗಿನ ಮರ ಹತ್ತಿ ಬೆಳೆದವನಿಗೆ ಮಹಡಿ ಯಾವ ಲೆಕ್ಕ.

ಒಂದೇ ಕೊರತೆ. ಕಾಯಂ ನೌಕರರ ಕೊರಳಲ್ಲಿ ನೀಲಿ ದಾರದ ಕಾರ್ಡು. ನನ್ನದು ಹಳದಿ ದಾರ, ಕಾರ್ಡಿನ ಮೇಲೆ ‘ವಿಸಿಟರ್’ ಅಂತ ಬರೆದಿತ್ತು. ಕರೂರು ಕೈಗಾರಿಕಾ ಪ್ರದೇಶದಲ್ಲಿದ್ದ ನಮ್ಮ ಶೆಡ್ಡಿನ ಬೀಗ ದಿನಾ ತೆಗೆಯುವವನು ನಾನು, ಕಸ ಗುಡಿಸುವವನು ನಾನು, ಸಂಜೆ ಬೀಗ ಹಾಕುವವನೂ ನಾನು. ಆದರೂ ವಿಸಿಟರ್.

ಊರಲ್ಲಿ ಇಂಜಿನಿಯರ್ ಆಗಿದ್ದೇನೆ ಅಂತ ಹೇಳಿಯಾಗಿತ್ತು. ನನ್ನ ಸೋದರಮಾವ, ಅಂದರೆ ನಾನು ಮದುವೆಯಾಗಬೇಕೆಂದಿದ್ದ ಹುಡುಗಿಯ ಅಪ್ಪ, ಆ ಕಾರ್ಡನ್ನು ಹಿಡಿದು ಓದಿದ.

“ಏನೋ ಇದು, ವಿಸಿಟರ್ ಅಂತ ಐತೆ?”

“ಅದು ಸುಮ್ನೆ ಮಾವ, ಗೇಟಿನೋರು ನೋಡ್ಲಿ ಅಂತ.”

“ಬಂದು ಹೋಗೋನಿಗೆ ನಾನು ಮಗಳನ್ನ ಕೊಡಂಗಿಲ್ಲಪ್ಪ. ಕಾಯಂ ಅಂತ ಬರೆಸ್ಕಂಡು ಬಾ.”

ಹುಡುಗಿ ಅವಳಪ್ಪನಿಗಿಂತ ಮುಂದೆ. ಫೋನಿನಲ್ಲಿ ನನ್ನ ಹೆಸರು ಅಳಿಸಿ ‘ವಿಸಿಟರ್’ ಅಂತ ಸೇವ್ ಮಾಡಿಕೊಂಡಳು.

ನಾನೇನು ಕಮ್ಮಿ? ನೇರ ಸಾಹೇಬರನ್ನು ಕೇಳಿದೆ. “ನಮ್ಮ ಪೆಟ್ಟಿಗೆ ಗೆದ್ದರೆ ಇಲ್ಲೇ ಆಫೀಸ್ ಆಗುತ್ತೆ, ನಿನಗೆ ನೀಲಿ ದಾರ ಗ್ಯಾರಂಟಿ” ಅಂದರು. ಗೋಡೆ ಸಾಹೇಬರನ್ನು ಕೇಳಿದೆ. ಅವರೂ ಅದನ್ನೇ ಅಂದರು. ಯಾರು ಗೆದ್ದರೂ ನಾನು ಗೆದ್ದೆ. ಇಷ್ಟು ಬುದ್ಧಿ ನಮ್ಮ ಮಾವನಿಗೆ ಎಲ್ಲಿಂದ ಬರಬೇಕು.

ಅಜ್ಜಿಯ ಕೌದಿ

ವಿನೋಬನಗರದ ಆ ಹಸಿರು ಮನೆಯ ಯಜಮಾನಿ ಒಬ್ಬ ಅಜ್ಜಿ. ಅವರ ಮಹಡಿ ಮೇಲೆ ನೇರ ಪೆಟ್ಟಿಗೆ. ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಸಿಗ್ನಲ್ ಬಿದ್ದುಹೋಗುವುದು, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಎದ್ದು ಕೂರುವುದು. ಬೆಂಗಳೂರಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಗೆರೆ ನೋಡುತ್ತಿದ್ದ ನೇರ ಸಾಹೇಬರಿಗೆ ಅನುಮಾನ ಬಂತು.

“ಇದು ಆ ಮನುಷ್ಯಂದೇ ಕೆಲಸ. ಅವನ ಪೆಟ್ಟಿಗೆ ನಮ್ಮದಕ್ಕೆ ತೊಂದರೆ ಕೊಡ್ತಿದೆ. ಹೋಗಿ ನೋಡು” ಅಂತ ಫೋನ್ ಮಾಡಿದರು.

ಹೋಗಿ ನೋಡಿದೆ. ಪೆಟ್ಟಿಗೆಯ ಮುಂದೆಯೇ ತಂತಿ ಕಟ್ಟಿ, ನೀರು ಸುರಿಯುವ ಒಂದು ದಪ್ಪ ಕೌದಿ ಒಣಗಲು ಹಾಕಿದ್ದರು ಅಜ್ಜಿ. ಮನೆಯ ಕೌದಿಗಳನ್ನು ದಿನಕ್ಕೊಂದರಂತೆ ಒಗೆಯುತ್ತಿದ್ದರಂತೆ. ನೆನೆದ ಬಟ್ಟೆಯನ್ನು ಸಿಗ್ನಲ್ ದಾಟುವುದಿಲ್ಲವಂತೆ. ಒಣಗಿದ ಮೇಲೆ ದಾಟುತ್ತದಂತೆ.

“ಅಜ್ಜಿ, ಇದನ್ನ ಆ ಕಡಿ ಹಾಕ್ರಿ.”

“ಆ ಕಡಿ ಬಿಸಿಲೇ ಬರಂಗಿಲ್ಲ. ನಿಮ್ಮ ನೆಟ್ಟಿಗೋಸ್ಕರ ನಾವು ಹಸಿ ಕೌದಿ ಹೊದ್ಕಂಡು ಮಲಗಬೇಕಾ?”

ದೊಡ್ಡವರು ದೊಡ್ಡವರ ಜೊತೆ ಮಾತಾಡಿಕೊಳ್ಳಲಿ ಅಂತ ಸಾಹೇಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಸಾಹೇಬರು ತುಂಬಾ ವಿನಯದಿಂದ, “ಅಮ್ಮ, ದಯವಿಟ್ಟು ಅಲ್ಲಿ ಬಟ್ಟೆ ಒಣಗಿಸಬೇಡಿ, ದೊಡ್ಡ ಸಂಶೋಧನೆ ನಿಂತುಹೋಗುತ್ತೆ” ಅಂದರು.

“ನಿಮ್ಮ ಮನ್ಯಾಗ ಬಟ್ಟೆ ಎಲ್ಲಿ ಒಣಗಿಸ್ತೀರಿ ಸಾಹೇಬ್ರೇ?”

“ನಮ್ಮಲ್ಲಿ ಮೆಷಿನ್ ಇದೆ ಅಮ್ಮ, ಒಗೆದು ಅದೇ ಒಣಗಿಸಿಬಿಡುತ್ತೆ.”

“ಹಂಗಾದ್ರೆ ಈ ಪೆಟ್ಟಿಗಿ ತಗಂಡು ಹೋಗಿ ಆ ಮೆಷಿನ್ ಕಳಿಸ್ರಿ.”

ಎರಡೂ ಕಡೆ ಗೂಢಚಾರ

ಹರಿಹರದಲ್ಲಿ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಗಾದಿ ಹೊಲಿಯುವ ಒಬ್ಬ ಚಾಚಾ ಇದ್ದಾರೆ. ಅವರ ಅಂಗಡಿಯ ಮೇಲೆ ಎರಡೂ ಪೆಟ್ಟಿಗೆ ಅಕ್ಕಪಕ್ಕ ಕೂರಿಸಿದ್ದೆವು. ಪೆಟ್ಟಿಗೆಗಳು ತಮ್ಮ ವೇಗ ತಾವೇ ಅಳೆದು, ಅಳತೆಯನ್ನು ತಮ್ಮ ತಮ್ಮ ತಂಡಕ್ಕೆ ಕಳಿಸುತ್ತಿದ್ದವು.

ನೇರ ಸಾಹೇಬರು ಗುಟ್ಟಾಗಿ ಹೇಳಿದರು, “ಅವನ ಪೆಟ್ಟಿಗೆ ಎಷ್ಟು ಓಡ್ತಿದೆ ನೋಡ್ಕೊಂಡು ಬಾ. ಯಾರಿಗೂ ಗೊತ್ತಾಗಬಾರದು.” ಮರುದಿನ ಗೋಡೆ ಸಾಹೇಬರು ಗುಟ್ಟಾಗಿ ಅದನ್ನೇ ಹೇಳಿದರು. ನಾನು ಒಂದೇ ಬಸ್ಸಿನಲ್ಲಿ ಹೋಗಿ ಇಬ್ಬರ ಗೂಢಚಾರಿಕೆಯನ್ನೂ ಮಾಡಿಕೊಂಡು ಬಂದೆ. ಇಬ್ಬರಿಗೂ “ನಿಮ್ಮದೇ ಮುಂದೆ ಐತ್ರಿ” ಅಂದೆ. ದಾವಣಗೆರೆಗೆ ಬಂದಾಗ ಇಬ್ಬರೂ ಬೆಣ್ಣೆದೋಸೆ ಕೊಡಿಸಿದರು. ಒಂದೇ ಹೋಟೆಲು, ಬೇರೆ ಬೇರೆ ಟೇಬಲ್ಲು.

ಕೊನೆಗೆ ಮೇಡಂ ತಾವೇ ಹರಿಹರಕ್ಕೆ ಬಂದರು. ಇಬ್ಬರು ಸಾಹೇಬರೂ ಹಿಂದೆಯೇ ಬಂದರು. ಚಾಚಾ ಹೊಸ ಗಾದಿಯೊಂದನ್ನು ಹಾಸಿ ಎಲ್ಲರನ್ನೂ ಕೂರಿಸಿ ಚಹಾ ತರಿಸಿದರು.

ಮೇಡಂ ಕೇಳಿದರು, “ಬಳಸೋರು ನೀವು. ನೀವೇ ಹೇಳಿ, ಎರಡರಲ್ಲಿ ಯಾವುದು ಚೆನ್ನಾಗಿದೆ?”

“ಎರಡೂ ಚಲೋ ಅದಾವು ಮೇಡಂ.”

“ಹಾಗಲ್ಲ, ದಿನಾ ಯಾವುದನ್ನ ಹಾಕ್ಕೋತೀರಿ?”

ಚಾಚಾ ಜೇಬಿನಿಂದ ತಮ್ಮ ಫೋನ್ ತೆಗೆದರು. “ಇದರಾಗ ಮೊದ್ಲೇ ನೆಟ್ ಇತ್ತಲ್ಲ ಮೇಡಂ, ಅದನ್ನೇ ನೋಡ್ತೀನಿ. ನಿಮ್ಮವಕ್ಕ ಪಾಸ್‌ವರ್ಡ್ ಬೇಕಂತ, ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆದ್ರ ಎರಡೂ ಹಂಗೇ ಇರ್ಲಿ. ಅವು ಬಂದ ಮ್ಯಾಲೆ ಅಂಗಡಿ ಮ್ಯಾಲೆ ಕೋತಿ ಬರಂಗಿಲ್ಲ.”

ಫೋನ್ ಬರುವ ತನಕ

ಚಾಚಾನ ಅಂಗಡಿಯಲ್ಲಿ ಆದ ಅವಮಾನ ಗೋಡೆ ಸಾಹೇಬರಿಗೆ ಹೆಚ್ಚು ತಾಗಿತು. ಅವರದು ಗೋಡೆ ತೂರುವ ಸಿಗ್ನಲ್ಲು, ತೋರಿಸಿಯೇ ಬಿಡುತ್ತೇನೆ ಅಂತ ಹಟ ಹಿಡಿದರು. ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಗೇನು ಬರ. ಒಂದು ಭಟ್ಟಿಯ ಗೋದಾಮು ಆರಿಸಿಕೊಂಡರು. ಗೋಡೆ ತಗಡು, ಮಾಡು ತಗಡು, ಬಾಗಿಲು ತಗಡು. ಒಳಗೆ ಮಂಡಕ್ಕಿ ಚೀಲಗಳು.

“ನಾನು ಪೆಟ್ಟಿಗೆ ತಗೊಂಡು ಒಳಗೆ ಹೋಗ್ತೀನಿ. ನೀನು ಹೊರಗಿಂದ ಚಿಲಕ ಹಾಕು. ಒಳಗಿಂದ ಅದರ ನೆಟ್ಟಿನಲ್ಲೇ ನಿನಗೂ ಮೇಡಂಗೂ ಫೋನ್ ಮಾಡ್ತೀನಿ. ಫೋನ್ ಬರೋ ತನಕ ಬಾಗಿಲು ತೆಗೀಬೇಡ. ಒಂದು ಬೆರಳಷ್ಟು ತೆಗೆದರೂ ಬಾಗಿಲ ಸಂದಿಯಿಂದ ಸಿಗ್ನಲ್ ಬಂತು ಅಂತ ಆ ಮನುಷ್ಯ ಕ್ಯಾತೆ ತೆಗೀತಾನೆ.”

“ಆಯ್ತ್ರಿ ಸಾಹೇಬ್ರೇ.”

ಚಿಲಕ ಹಾಕಿ, ಹೊರಗೆ ಕಲ್ಲಿನ ಮೇಲೆ ಕೂತೆ. ಭಟ್ಟಿಯವರು ಒಗ್ಗರಣೆ ಮಂಡಕ್ಕಿ ಕೊಟ್ಟರು, ಜೊತೆಗೆ ಮೆಣಸಿನಕಾಯಿ ಬಜ್ಜಿ. ತಿಂದೆ. ಫೋನ್ ಬರಲಿಲ್ಲ. ಒಳಗಿಂದ ತಗಡು ತಟ್ಟುವ ಶಬ್ದ ಬಂತು. ತಗಡು ಎಷ್ಟು ದಪ್ಪ ಅಂತ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ದನಿಯೂ ಬಂತು.

“ಬಾಗಿಲು ತೆಗಿಯೋ.”

“ಫೋನ್ ಮಾಡ್ರಿ ಸಾಹೇಬ್ರೇ, ತೆಗೀತೀನಿ.”

“ಫೋನ್ ಹೋಗ್ತಿಲ್ಲ ಕಣೋ.”

“ಹೋಗೋ ತನಕ ತೆಗೀಬ್ಯಾಡ ಅಂದೀರಲ್ರೀ.”

ಕೊಟ್ಟ ಮಾತಿಗೆ ತಪ್ಪುವ ವಂಶ ನಮ್ಮದಲ್ಲ. ಅಷ್ಟರಲ್ಲಿ ಕಾದು ಕಾದು ಮೇಡಂ ನನಗೆ ಫೋನ್ ಮಾಡಿದರು. “ಅವರಿಂದ ಕಾಲ್ ಬರಲೇ ಇಲ್ಲ, ಟೆಸ್ಟ್ ಏನಾಯ್ತು?”

“ಅವರೇ ಹೇಳ್ತಾರೆ ಕೇಳ್ರಿ ಮೇಡಂ” ಅಂತ ಫೋನನ್ನು ತಗಡಿಗೆ ಹಿಡಿದೆ. ಮೇಡಂ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಬಾಗಿಲು ತೆಗಿಯಪ್ಪ” ಅಂದರು.

ಗೋಡೆ ಸಾಹೇಬರು ತಲೆತುಂಬ ಮಂಡಕ್ಕಿ, ಮೈತುಂಬ ಬೆವರು ಹೊತ್ತು ಹೊರಬಂದರು. ನನ್ನ ಹಳದಿ ದಾರ ಹಿಡಿದು ಹತ್ತಿರ ಎಳೆದುಕೊಂಡು, “ನಮ್ಮ ಪೆಟ್ಟಿಗೆ ಗೆಲ್ಲಲಿ. ನಿನ್ನ ಕೊರಳಿಗೆ ನೀಲಿ ದಾರ ಅಲ್ಲ, ಹಗ್ಗ ಹಾಕಿಸ್ತೀನಿ” ಅಂದರು.

ನಾನು ಕಟ್ಟಿದ್ದು

ಈಗ ನನಗೆ ಉಳಿದದ್ದು ನೇರ ಸಾಹೇಬರೊಬ್ಬರೇ. ಅವರು ಗೆದ್ದರೆ ನೀಲಿ ದಾರ, ಮಾವನ ಮಗಳು. ಸೋತರೆ ನಾನು ಎರಡೂ ಕಡೆ ವಿಸಿಟರ್.

ಕೂತು ಯೋಚಿಸಿದೆ. ಗೋದಾಮಿನಿಂದ ಹೊರಬಂದ ಗೋಡೆ ಸಾಹೇಬರು ಎದುರಿನ ಮಹಡಿಯ ಮೇಲಿದ್ದ ನೇರ ಪೆಟ್ಟಿಗೆಯ ಕಡೆ ನೋಡಿದ ನೋಟ ನಾನು ಕಂಡಿದ್ದೆ. ಅಂಥ ಕೆಟ್ಟ ಕಣ್ಣು ಬಿದ್ದರೆ ಕಟ್ಟಿದ ಮನೆ ಬಿರುಕು ಬಿಡುತ್ತದೆ, ಇನ್ನು ಪೆಟ್ಟಿಗೆ ಏನು. ಹೊಸ ಮನೆಗೆ, ಹೊಸ ಅಂಗಡಿಗೆ ನಾವು ಏನು ಕಟ್ಟುತ್ತೇವೆ? ಬೂದುಗುಂಬಳಕಾಯಿ. ಇಷ್ಟು ಓದಿದ ಸಾಹೇಬರಿಗೆ ಇದು ಹೊಳೆದಿರಲಿಲ್ಲ, ನನಗೆ ಹೊಳೆಯಿತು.

ಮಾವನ ಹೊಲಕ್ಕೆ ಹೋಗಿ ಒಂದೇ ಗಾತ್ರದ, ಮೈತುಂಬ ಬೂದಿ ಬಂದ ಕಾಯಿಗಳನ್ನು ಆರಿಸಿ ತಂದೆ. ವಿನೋಬನಗರ, ದೇವರಾಜ ಅರಸು ಬಡಾವಣೆ, ಹರಿಹರ, ಎಲ್ಲೆಲ್ಲಿ ನೇರ ಪೆಟ್ಟಿಗೆ ಇತ್ತೋ ಅಲ್ಲೆಲ್ಲ ಕಬ್ಬಿಣದ ಕಂಬಿ ಚಾಚಿ, ಕೊಕ್ಕೆ ಹಾಕಿ, ಅರಿಶಿನ ಕುಂಕುಮ ಹಚ್ಚಿದ ಕಾಯಿ ಕಟ್ಟಿದೆ. ಎಲ್ಲಿ? ಪೆಟ್ಟಿಗೆಯ ಮೂತಿಯ ಎದುರಿಗೆ. ಕಣ್ಣು ಮುಂದಿನಿಂದ ತಾನೇ ಬೀಳೋದು, ಬೆನ್ನಿಗೆ ಕಟ್ಟಿದರೆ ಏನು ಬಂತು.

ಅಂದೇ ನೇರ ಪೆಟ್ಟಿಗೆಗಳೆಲ್ಲ ಮಲಗಿದವು.

ಸಾಹೇಬರು ಬೆಂಗಳೂರಿನಿಂದ ಕಾರು ತುಂಬ ಯಂತ್ರ ಹೇರಿಕೊಂಡು ಬಂದರು. ಟವರ್ ಪರೀಕ್ಷೆ ಆಯಿತು, ಕರೆಂಟ್ ಪರೀಕ್ಷೆ ಆಯಿತು. ಕೊನೆಗೆ ಮೇಡಂ ಜೊತೆ ಅಜ್ಜಿಯ ಮಹಡಿ ಹತ್ತಿದರು. ಹತ್ತಿದವರು ಹಾಗೇ ನಿಂತರು.

“ಇದೇನೋ ಇದು?”

“ದೃಷ್ಟಿಗೆ ಸಾಹೇಬ್ರೇ.”

“ಯಾರು ಕಟ್ಟಿದ್ದು?”

“ನಾನೇ. ಎಲ್ಲಾ ಕಡೆ ಕಟ್ಟೀನಿ” ಅಂದೆ, ಎದೆ ಉಬ್ಬಿಸಿ.

“ಪೆಟ್ಟಿಗೆ ಮುಂದೆ ಏನೂ ಇರಬಾರದು ಅಂತ ಹೇಳಿರಲಿಲ್ವಾ?”

“ಬಟ್ಟೆ ಇರಬಾರ್ದು ಅಂದಿದ್ರಿ. ಕಾಯಿ ಮಾತು ಯಾವಾಗ ಬಂತ್ರಿ?”

ಸಾಹೇಬರು ತಲೆ ಹಿಡಿದುಕೊಂಡು ನೀರಿನ ಟ್ಯಾಂಕಿಗೆ ಒರಗಿದರು. “ಅದರ ಒಳಗೆ ಬರೀ ನೀರು ಕಣೋ. ಕೌದಿಗಿಂತ ಕಡೆ.” ಕೈಚಾಚಿ ಕಾಯಿ ಬಿಚ್ಚಲು ಹೋದರು.

ಅಜ್ಜಿ ಅಡ್ಡ ಬಂದರು. “ಮುಟ್ಟಬ್ಯಾಡ್ರಿ. ಕಟ್ಟಿದ ಕಾಯಿ ಅಮಾಸಿಗೇ ಇಳಿಸೋದು. ನಡುವೆ ಬಿಚ್ಚಿದ್ರೆ ಮನಿಗೆ ಆಗಂಗಿಲ್ಲ.”

“ಅಮ್ಮ, ಇದು ಸಂಶೋಧನೆ.”

“ಇರ್ಲಿ ಬಿಡ್ರಿ, ಅಮಾಸಿ ಆದ ಮ್ಯಾಲೆ ಶೋಧಿಸ್ರಿ.”

ಉಳಿದ ಮನೆಗಳಲ್ಲೂ ಅದೇ ಉತ್ತರ. ಒಂದು ದೊಡ್ಡ ಕಂಪನಿಯ ಸಂಶೋಧನೆ ಅಮಾವಾಸ್ಯೆಗೆ ಕಾದು ಕೂತಿತು. ಅಷ್ಟರಲ್ಲಿ ಗೋಡೆ ಸಾಹೇಬರು ನಗುನಗುತ್ತ ಬಂದು, “ನಮ್ಮ ಪೆಟ್ಟಿಗೆ ಮುಂದೆಯೂ ಕಟ್ಟಿ ನೋಡಿ ಮೇಡಂ” ಅಂದರು. ಕಟ್ಟಿದೆ. ಅವರ ಸಿಗ್ನಲ್ ಕುಂಟುತ್ತ ದಾಟಿತು. ಮೇಡಂ ಮಾತ್ರ ಬೆಂಗಳೂರಿಗೆ ವಾಪಸ್ ಹೋಗಲೇ ಇಲ್ಲ. ದಿನಾ ಒಂದೊಂದು ಮಹಡಿ ಹತ್ತಿ, ಕಾಯಿಯನ್ನು ಬೆರಳಿನಿಂದ ತಟ್ಟಿ, ಏನೋ ಅಳೆದುಕೊಂಡು ಇಳಿಯುತ್ತಿದ್ದರು.

ಅಮಾವಾಸ್ಯೆ ಆದ ಮೇಲೆ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ತೀರ್ಪು ಹೇಳಿದರು. “ಒಬ್ಬರದು ಕುಂಬಳಕಾಯಿ ದಾಟಲ್ಲ. ಇನ್ನೊಬ್ಬರದು ಮಂಡಕ್ಕಿ ಗೋದಾಮು ಹೊಗಲ್ಲ. ಯಾವುದೂ ಮಾರುಕಟ್ಟೆಗೆ ಹೋಗಲ್ಲ. ಎರಡೂ ಮತ್ತೆ ಲ್ಯಾಬಿಗೆ. ಈ ಶೆಡ್ಡು ಮುಚ್ಚೋಣ.”

ಯಾರೂ ಗೆಲ್ಲದೆ ಇರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಹಳದಿ ದಾರ ತೆಗೆದು ಮೇಜಿನ ಮೇಲೆ ಇಟ್ಟೆ. ಮಾವನ ಮುಖ, ಅವನ ಮಗಳ ಮುಖ, ಎರಡೂ ಕಣ್ಣೆದುರು ಬಂದು ನಿಂತವು.

“ಅದಿರಲಿ,” ಅಂದರು ಮೇಡಂ ನನ್ನ ಕಡೆ ತಿರುಗಿ, “ಆ ಕಾಯಿ ಎಲ್ಲಿಂದ ತಂದೆ?”

“ನಮ್ಮ ಮಾವನ ಹೊಲದ್ದು ಮೇಡಂ.”

“ಎಲ್ಲಾ ಒಂದೇ ಗಾತ್ರ ಇದ್ವಲ್ಲ.”

“ನಾನು ಆರಿಸಿದ್ದು ಮೇಡಂ. ಕಣ್ಣಳತೆಯಾಗ ನನ್ನ ಮೀರಿಸೋರು ಈ ಜಿಲ್ಲೆಯಾಗ ಇಲ್ಲ.”

“ಸಿಗ್ನಲ್ಲಿಗೆ ಅಡ್ಡ ಇಡೋಕೆ ಲ್ಯಾಬಿನಲ್ಲಿ ಏನೇನೋ ತರಿಸ್ತೀವಿ, ಯಾವುದೂ ಇಷ್ಟು ಚೆನ್ನಾಗಿ ಕೆಲಸ ಮಾಡಿಲ್ಲ. ಇನ್ನು ಮೇಲೆ ಹೊಸ ಪೆಟ್ಟಿಗೆ ಯಾರೇ ಮಾಡಲಿ, ಮೊದಲು ಈ ಕಾಯಿ ದಾಟಬೇಕು. ಕಾಯಿ ಆರಿಸಿ ಕಳಿಸೋನು ನೀನೇ.” ಇಬ್ಬರು ಸಾಹೇಬರೂ ಅವತ್ತು ಮೊದಲ ಬಾರಿಗೆ ಒಂದೇ ಥರ ಮುಖ ಮಾಡಿದರು.

ಕಾರ್ಡು ಕೊರಿಯರಿನಲ್ಲಿ ಬಂತು. ಕೊರಳಿಗೆ ಹಾಕಿಕೊಂಡು ಸೀದಾ ಮಾವನ ಮನೆಗೆ ಹೋದೆ. ಕಾರ್ಡಿನ ಕೆಳಭಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡು ತೋರಿಸಿದೆ.

“ಬೆರಳು ತೆಗಿ” ಅಂದ ಮಾವ. ತೆಗೆದೆ. ಓದಿದ. ಇನ್ನೊಮ್ಮೆ ಓದಿದ. ಒಳಗೆ ತಿರುಗಿ ಮಗಳನ್ನು ಕರೆದು ಓದಿಸಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾಚಿಕೆ ಅಂದುಕೊಂಡೆ. ಒಳಗಿಂದ ಬಂದದ್ದು ನಗು.

“ಕಾಯಂ ಅಂತ ಐತಲ್ಲ, ಅಷ್ಟು ಸಾಕು” ಅಂದ ಮಾವ. “ಆಷಾಢ ಕಳೀಲಿ.”

ನನಗೆ ಕಂಪನಿ ಕೊಟ್ಟಿದ್ದು ಇದು: ಒಂದು ನೀಲಿ ದಾರ, ಅದಕ್ಕೊಂದು ಕಾರ್ಡು, ಕಾರ್ಡಿನಲ್ಲಿ ನನ್ನ ಫೋಟೋ, ಫೋಟೋದ ಕೆಳಗೆ ನನ್ನ ಹೆಸರು, ಹೆಸರಿನ ಕೆಳಗೆ ‘ತರಕಾರಿ ಪೂರೈಕೆ, ಕಾಯಂ’.