ಬೇವಿನ ಗಿಡದ ಕೆಳಗಿನ ಎಣಿಕೆ

ಹುಚ್ಚೀರಪ್ಪನ ಗ್ರಹಚಾರ ಶುರುವಾದದ್ದು ಒಂದು ಬಿಳಿ ಟವೆಲಿನಿಂದ. ಹಿಟ್ನಾಳದ ಹೆದ್ದಾರಿಯ ಧೂಳಿಗೆ ಹೆದರಿ ಅದನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡು ಬೆಳಗ್ಗೆಯೇ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಸೀಟ್ ಬೆಲ್ಟಿನ ಪ್ರಚಾರ ಮುಗಿದಿತ್ತು. ಅದು ಜನರಿಗೆ ನಾಟಿದೆಯೋ ಇಲ್ಲವೋ ಎಣಿಸುವುದು ಇವನ ಕೆಲಸ. ಬೆಲ್ಟ್ ಹಾಕಿದವರಿಗೊಂದು ಹುಣಸೆಬೀಜ ಬಟ್ಟೆಚೀಲಕ್ಕೆ, ಹಾಕದವರಿಗೊಂದು ತಗಡಿನ ಡಬ್ಬಿಗೆ. ಪ್ರಚಾರ ಫಲಿಸಿದ್ದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಇವತ್ತೇ ಕಡೆ.

“ಯಾರ ಕೂಡಾನೂ ಮಾತಾಡಬ್ಯಾಡ, ಮಿಸುಕಬ್ಯಾಡ,” ಎಂದು ಈ ಕೆಲಸಕ್ಕೆ ಹಚ್ಚಿದ ಪ್ರಭುರಾಜ ಸಾಹೇಬರು ತಾಕೀತು ಮಾಡಿದ್ದರು.

ಡಬ್ಬಿಗೆ ಒಂದು ಬೀಜವೂ ಬೀಳಲಿಲ್ಲ! ಇವನನ್ನು ಕಂಡದ್ದೇ ಕಾರುಗಳು ನಿಧಾನವಾಗುತ್ತಿದ್ದವು, ಒಳಗಿದ್ದವರು ಗಡಬಡಿಸಿ ಬೆಲ್ಟ್ ಎಳೆದುಕೊಳ್ಳುತ್ತಿದ್ದರು. ಒಬ್ಬ ಕೈಮುಗಿದ. ಇನ್ನೊಬ್ಬ ನಿಂಬೆಹಣ್ಣು ಎಸೆದು ಹೋದ. ಟ್ರ್ಯಾಕ್ಟರಿನವನಂತೂ ಬೆಲ್ಟಿಲ್ಲದ್ದಕ್ಕೆ ತನ್ನ ರುಮಾಲನ್ನೇ ಎದೆಗೆ ಅಡ್ಡ ಕಟ್ಟಿಕೊಂಡ. ಅಬ್ಬಾ, ಎಂಥ ಪ್ರಚಾರ! ಹುಚ್ಚೀರಪ್ಪ ಟವೆಲಿನೊಳಗೇ ಹಿಗ್ಗಿದ.

ಮಧ್ಯಾಹ್ನ ಎದುರಿನ ಚಾದಂಗಡಿಯ ಯಮನೂರಮ್ಮ ಆ ಹಿಗ್ಗಿಗೆ ನೀರೆರಚಿದಳು. “ಯಪ್ಪಾ, ನೀನೂ ಬಿಳಿ ಟವೆಲ್ಲಾ? ಆ ಗಿಡಕ್ಕ ಕಾರು ಬಡದು ಒಬ್ಬಾಂವ ಸತ್ತಾನ, ಬೆಲ್ಟ್ ಹಾಕಿದ್ದಿಲ್ಲ. ಅಮವಾಸಿಯಿಂದ ಬಿಳಿ ಬಟ್ಟಿ ಸುತ್ಕೊಂಡು ಅಲ್ಲೇ ಕುಂದರತಾನ. ಬೆಲ್ಟ್ ಹಾಕದವರನ್ನ ಎಣಿಸ್ತಾನ. ಎಣಿಸಿದ್ರ ಮುಗೀತು, ಅವರು ಮನಿ ಮುಟ್ಟಂಗಿಲ್ಲ.”

“ಅದು ನಾನ ಇರಬೇಕು ಯವ್ವಾ,” ಎಂದು ಹುಚ್ಚೀರಪ್ಪ ನಕ್ಕ.

“ನೀ ಯಾವತ್ತಿಂದ ಕುಂದರಾಕತ್ತಿ?”

“ಇವತ್ತ.”

ಯಮನೂರಮ್ಮ ನಗಲಿಲ್ಲ.

ಸಂಜೆ ಜೀಪಿನಲ್ಲಿ ಬಂದು ಚಾದಂಗಡಿಯ ಮುಂದೆ ನಿಂತ ಸಾಹೇಬರ ಕಿವಿಗೂ ಈ ಸುದ್ದಿ ಬಿತ್ತು. “ಅಂದ್ರ ಜನ ಅಂಜಿದ್ದು ನಿನಗ, ನಮ್ಮ ಪ್ರಚಾರದ ಬೋರ್ಡಿಗಲ್ಲ! ಎಲ್ಲಾ ಅಲ್ಲೇ ಬಿಟ್ಟು ಬಂದು ಜೀಪ್ ಹತ್ತು. ನೀ ಇಲ್ಲದಾಗ ಹೆಂಗೈತಿ ನೋಡೂಣು.”

ಚೀಲ, ಡಬ್ಬಿ, ಟವೆಲ್ ಎಲ್ಲವನ್ನೂ ಗಿಡದ ಕೆಳಗೆ ಬಿಟ್ಟು ಹುಚ್ಚೀರಪ್ಪ ಜೀಪಿನ ಹಿಂದೆ ಕೂತ. ಕೆಲಸ ಉಳಿಯಲಪ್ಪಾ ಎಂದು ಉಸಿರು ಬಿಗಿಹಿಡಿದ. ಒಂದು ಕಾರು ಬಂತು, ನಿಧಾನವಾಯಿತು, ಬೆಲ್ಟ್ ಎಳೆದುಕೊಂಡಿತು. ಮತ್ತೊಂದು ಬಂತು, ಅದೂ ಹಾಗೆಯೇ.

“ಗೆದ್ವಿ ರೀ ಸಾಹೇಬ್ರ! ನಾ ಇಲ್ಲದಿದ್ರೂ ಹಾಕ್ಕೊಳ್ಳಾಕತ್ತಾರ!”

ಸಾಹೇಬರು ಗಿಡದತ್ತ ಬೆರಳು ಮಾಡಿದರು. “ಹಂಗಾದ್ರ ಅಲ್ಲಿ ಕುಂತಾಂವ ಯಾರಲೇ?”

ಗಿಡದ ಕೆಳಗೆ, ಮಬ್ಬು ಬೆಳಕಿನಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬ ಹುಣಸೆಬೀಜ ಆಡಿಸುತ್ತ ಕುಳಿತಿದ್ದ.

“ಅಂವ ಒಂದು ಚಾ ಸೈತ ಕೇಳಂಗಿಲ್ರಿ,” ಎಂದಳು ಯಮನೂರಮ್ಮ.

ಅಷ್ಟು ಅಂಜಿಕೆಯಲ್ಲೂ ಸಾಹೇಬರ ತಲೆ ಓಡಿತು. “ಪಗಾರನೂ ಕೇಳಂಗಿಲ್ಲ! ನಾಳಿಯಿಂದ ನೀ ಬರಬ್ಯಾಡ ಹುಚ್ಚೀರಪ್ಪ, ಅಂವನ ಛಲೋ ಮಾಡತಾನ,” ಎಂದವರೇ ತಮ್ಮ ಬೆಲ್ಟ್ ಬಿಗಿದುಕೊಂಡು ಜೀಪು ಓಡಿಸಿದರು.

ಹುಚ್ಚೀರಪ್ಪ ಅಕ್ಕಪಕ್ಕ ತಡಕಾಡಿದ. ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ. ಟವೆಲಾದರೂ ಕಟ್ಟಿಕೊಳ್ಳೋಣವೆಂದು ತಲೆ ಮುಟ್ಟಿಕೊಂಡ. ಬರೀ ಕೂದಲು ಕೈಗೆ ಸಿಕ್ಕಿತು.

ಜೀಪು ಬೇವಿನ ಗಿಡ ದಾಟಿತು. ದಿನವಿಡೀ ಸುಮ್ಮನಿದ್ದ ಡಬ್ಬಿ ಟಣ್ ಎಂದಿತು.